ಹಲಗೆಗೆ ಕುದುರೆ ಕಟ್ಟಿದ ಹೊನ್ನಕ್ಕ

ಡಬ್ ಡಬ್ ಡಬ್!

“ಕೇಳ್ರಪ್ಪೋ ಕೇಳ್ರಿ! ಮದಲೂರಿನ ಮಹಾಜನಗಳೇ ಕೇಳ್ರಿ! ಸೂರ್ಯ ಚಂದ್ರ ಇರೋ ತನಕ ನೆನಪಿಟ್ಕೊಳ್ಳೋ ಸಮಾಚಾರ! ತಿಪ್ಪಯ್ಯನ ಮನೆ ಗದ್ದೆ ಹಲಗೆಗೆ ಇವತ್ತು ಬೆಳಗ್ಗೆಯಿಂದ ಬಡ್ತಿ ಆಗ್ಯದೆ! ಇನ್ಮ್ಯಾಲೆ ಅದನ್ನ ಯಾರೂ ಹಲಗೆ ಅಂತ ಕರೀಬಾರ್ದು!”

ಡಬ್ ಡಬ್ ಡಬ್!

ಸೀಮೆಎಣ್ಣೆ ಡಬ್ಬ ಬಡಿಯುತ್ತಿದ್ದವನು ಕದರಪ್ಪ. ಕಲ್ಲುಚಪ್ಪಡಿ ಹತ್ತಿ ಸಾರುತ್ತಿದ್ದವಳು ತಿಪ್ಪಯ್ಯನ ಮಗಳು ಹೊನ್ನಕ್ಕ. ಇಬ್ಬರೂ ಮದಲೂರು ಶಾಲೆಯ ನಾಲ್ಕನೇ ಕ್ಲಾಸು. ಮಹಾಜನಗಳೆಂದರೆ ಎರಡು ಮೇಕೆ, ಒಂದು ಹುಂಜ ಮತ್ತು ಕಡಲೆಕಾಯಿ ಸುಲಿಯುತ್ತಿದ್ದ ಜಯಕ್ಕಜ್ಜಿ. ಅವರಲ್ಲೂ ಹುಂಜ ಅರ್ಧಕ್ಕೇ ಎದ್ದುಹೋಯಿತು.

“ಹಲಗೆ ಅನ್ನದೆ ಇನ್ನೇನನ್ಬೇಕೇ ತಾಯಿ?” ಅಜ್ಜಿ ಕೇಳಿತು.

“ರೇಸಿನ ಗಾಡಿ ಅನ್ಬೇಕಜ್ಜಿ!”

“ಚಕ್ರ ಎಲ್ಲದೆ?”

“ಚಕ್ರ ಇಲ್ಲ.”

“ಎಲ್ಲಿ ಕೂರ್ತೀರಾ?”

“ಕೂರಂಗಿಲ್ಲ. ನಿಂತ್ಕೋಬೇಕು.”

“ಚಕ್ರ ಇಲ್ಲ, ಕೂರಂಗಿಲ್ಲ. ಬೋ ಒಳ್ಳೆ ಗಾಡಿ ಕಣಮ್ಮ. ಕಳ್ಳರ ಭಯ ಇಲ್ಲ,” ಅಂತ ಅಜ್ಜಿ ಇನ್ನೊಂದು ಕಡಲೆಕಾಯಿ ಒಡೆಯಿತು.

ಇದೆಲ್ಲ ಶುರುವಾದದ್ದು ಹಿಂದಿನ ದಿನ, ಒಂದು ಸೀಮೆಸುಣ್ಣದ ಪೆಟ್ಟಿಗೆಯಿಂದ.

ಶಾಲೆಗೆ ತುಮಕೂರಿಂದ ಸೀಮೆಸುಣ್ಣ ಬಂದಿತ್ತು. ಪೆಟ್ಟಿಗೆಗೆ ಯಾವುದೋ ಇಂಗ್ಲಿಷ್ ಪೇಪರ್ ಸುತ್ತಿದ್ದರು. ನಾಗಲಿಂಗಯ್ಯ ಮೇಷ್ಟ್ರು ಸೀಮೆಸುಣ್ಣವನ್ನು ಪಕ್ಕಕ್ಕಿಟ್ಟು ಪೇಪರನ್ನೇ ನೇವರಿಸಿ ನೇವರಿಸಿ ಓದಿದರು. ಅದರಲ್ಲೊಂದು ಚಿತ್ರ. ನೆಲವೆಲ್ಲ ಬಿಳಿ. ಮುಂದೆ ಓಡುವ ಕುದುರೆ. ಹಿಂದೆ ಒಬ್ಬ ಮನುಷ್ಯ, ಕಾಲಡಿ ಎರಡು ಉದ್ದನೆ ಹಲಗೆ, ಕೈಯಲ್ಲಿ ಹಗ್ಗ.

“ನೆಲಕ್ಕೆ ಹಿಟ್ಟು ಚೆಲ್ಲವ್ರಾ ಮೇಷ್ಟ್ರೇ?” ಕದರಪ್ಪ ಕೇಳಿದ.

“ಹಿಟ್ಟಲ್ಲವೋ, ಹಿಮ! ಚಳಿದೇಶ ಅದು. ಹೀಗೆ ಕುದುರೆ ಹಿಂದೆ ನಿಂತು ರೇಸು ಮಾಡ್ತಾರೆ. ಬೀಳದೆ ಯಾರು ಮೊದಲು ಬರ್ತಾರೋ ಅವರಿಗೆ ಪ್ರೈಜು.”

ಹೊನ್ನಕ್ಕ ಚಿತ್ರವನ್ನು ಹತ್ತಿರದಿಂದ ನೋಡಿದಳು. ದೂರದಿಂದ ನೋಡಿದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟಳು.

“ಮೇಷ್ಟ್ರೇ, ಇದು ನಮ್ಮ ಹಲಗೆ ಹೊಡೆಯೋದೇ ಅಲ್ವಾ? ಎತ್ತಿನ ಬದಲಿಗೆ ಕುದ್ರೆ ಕಟ್ಟವ್ರೆ, ಅಷ್ಟೇಯ!”

ಮೇಷ್ಟ್ರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿದರು. ಹೌದಲ್ಲ!

ಮದಲೂರು ಕೆರೆ ತುಂಬಿತೆಂದರೆ ಕೆಳಗಿನ ಗದ್ದೆಗಳಲ್ಲಿ ಇದೇ ಕೆಲಸ. ಉತ್ತ ಗದ್ದೆಗೆ ನೀರು ಬಿಟ್ಟು, ಎತ್ತುಗಳಿಗೆ ಉದ್ದನೆ ಹಲಗೆ ಕಟ್ಟಿ ಎಳೆಸುತ್ತಾರೆ. ಭಾರಕ್ಕೆಂದು ಹಲಗೆಯ ಮೇಲೆ ಒಬ್ಬರನ್ನು ನಿಲ್ಲಿಸುತ್ತಾರೆ. ಹಲಗೆ ಜಾರುತ್ತದೆ, ಗದ್ದೆ ಕನ್ನಡಿಯಂತೆ ಸಮವಾಗುತ್ತದೆ. ಮೇಲೆ ನಿಂತವರು ಸಾಮಾನ್ಯವಾಗಿ ಕೆಳಗೆ ಬೀಳುತ್ತಾರೆ. ಹೊನ್ನಕ್ಕ ಮಾತ್ರ ಬೀಳುವುದಿಲ್ಲ. ಅವಳು ಹಲಗೆ ಹತ್ತಿದರೆ ಇಳಿಯುವುದು ಊಟಕ್ಕೆ ಕರೆದಾಗಲೇ.

“ಈ ಸಲ ಹೋಬಳಿ ಪಂದ್ಯಾಟ ನಮ್ಮೂರಲ್ಲೇ ತಾನೆ?” ಮೇಷ್ಟ್ರ ದನಿ ಏರಿತು. “ಒಂದೊಂದು ಶಾಲೆ ಒಂದೊಂದು ಹೊಸ ಆಟ ಸೇರಿಸಬಹುದು. ಮೇಲಿನ ಕಚೇರಿಗೆ ಅರ್ಜಿ ಹಾಕಬೇಕು. ಹಾಕೋಣ! ಕುದುರೆ ಹಲಗೆ ಓಟ!”

ಕ್ಲಾಸೆಲ್ಲ ಹೋ ಎಂದಿತು. ಹೊನ್ನಕ್ಕ ಹೋ ಎನ್ನಲಿಲ್ಲ. ಅವಳು ಆಗಲೇ ಮನಸ್ಸಿನಲ್ಲಿ ಗೆದ್ದು, ಬೊಮ್ಮಪ್ಪನ ಮುಖ ನೋಡುತ್ತಿದ್ದಳು.

ಬೊಮ್ಮಪ್ಪ ಹುಲಿಕುಂಟೆ ಪಟೇಲರ ಮಗ. ಹೋದ ವರ್ಷದ ಪಂದ್ಯಾಟ ಹುಲಿಕುಂಟೆಯಲ್ಲಿ ನಡೆದಿತ್ತು. ಹೊನ್ನಕ್ಕ ಗದ್ದೆಯಿಂದ ಸೀದಾ ಓಡಿಹೋಗಿದ್ದಳು. ಮಂಡಿತನಕ ಕೆಸರು ಒಣಗಿ ಬಿಳಚಿಕೊಂಡಿತ್ತು. ಅವಳನ್ನು ನೋಡಿ ಬೊಮ್ಮಪ್ಪ ಕೂಗಿದ್ದ: “ಬಂತು ನೋಡ್ರಲೇ, ಮದಲೂರು ಕೆಸರುಗಪ್ಪೆ!” ಐದು ಶಾಲೆಯ ಮಕ್ಕಳು ಒಟ್ಟಿಗೆ ನಕ್ಕಿದ್ದರು. ಓಟದಲ್ಲಿ ಅವಳು ಎರಡನೆಯವಳಾಗಿ ಬಂದಿದ್ದಳು. ಅದು ಯಾರಿಗೂ ನೆನಪಿಲ್ಲ. ಕಪ್ಪೆ ಮಾತ್ರ ಎಲ್ಲರಿಗೂ ನೆನಪಿದೆ.

ಅಂದಿನಿಂದ ಹೊನ್ನಕ್ಕ ಗದ್ದೆಯಿಂದ ಬರುವಾಗ ಕಾಲುವೆಗೆ ಇಳಿಯುತ್ತಾಳೆ. ತೆಂಗಿನ ನಾರಿನಿಂದ ಕಾಲು ತಿಕ್ಕುತ್ತಾಳೆ. ಉಗುರಿನ ಸಂದಿಯದನ್ನೂ ಬಿಡುವುದಿಲ್ಲ. ಆಮೇಲೇ ಊರೊಳಗೆ ಕಾಲಿಡುವುದು.

ಸಾಯಂಕಾಲ ಮೇಷ್ಟ್ರು ಅರ್ಜಿಯ ಕರಡು ಬರೆದು ಹೊನ್ನಕ್ಕನ ಕೈಗೆ ಕೊಟ್ಟರು. “ನಿನ್ನ ಅಕ್ಷರ ಮುತ್ತು ಕಣಮ್ಮ. ನನ್ನದು ಮುತ್ತಿದ ಇರುವೆ. ಚೆನ್ನಾಗಿ ಎತ್ತಿ ಬರಿ.”

ಹೊನ್ನಕ್ಕ ನಾಲಿಗೆ ಕಚ್ಚಿಕೊಂಡು ಬರೆಯುತ್ತಾ ಹೋದಳು. “ಮಹಾಸ್ವಾಮಿಯವರಲ್ಲಿ ಬಿನ್ನಹ…” ಸರಾಗ. “ಕುದುರೆಯು ಎಳೆಯುವ ಹಲಗೆಯ ಮೇಲೆ ನಿಂತು…” ಇನ್ನೂ ಸರಾಗ. ಮುಂದಿನ ಸಾಲಿಗೆ ಲೇಖನಿ ನಿಂತಿತು.

“ಹದ ಮಾಡಿದ ಕೆಸರು ಗದ್ದೆಯಲ್ಲಿ.”

ಕೆಸರು! ದೊಡ್ಡ ದೊಡ್ಡವರು ಓದುವ ಕಾಗದದಲ್ಲಿ ಕೆಸರು! ನಾಳೆ ಅದನ್ನು ಹುಲಿಕುಂಟೆಯವರ ಮುಂದೆ ಗಟ್ಟಿಯಾಗಿ ಓದಿದರೆ? ‘ನೋಡ್ರಲೇ, ಕಪ್ಪೆ ಅರ್ಜಿ ಬರದೈತೆ’ ಅನ್ನುವುದಿಲ್ಲವೇ ಅವನು?

ಅವಳಿಗೆ ಪೇಪರಿನ ಚಿತ್ರ ಕಣ್ಣಮುಂದೆ ಬಂತು. ಬೆಳ್ಳಗೆ, ತೊಳೆದಿಟ್ಟಂತೆ. ಲೇಖನಿ ಅದ್ದಿ, ದುಂಡಗೆ ಬರೆದಳು: “ಶುಭ್ರವಾದ ಹಿಮದ ಮೇಲೆ.” ಓದಿದರೆ ಎಷ್ಟು ತಂಪಾಗಿದೆ! ಒಂದು ಮಾತು ತಾನೆ, ಏನಾಗುತ್ತದೆ?

ಮೇಷ್ಟ್ರು ಅಕ್ಷರ ನೋಡಿ ತಲೆದೂಗಿ, ಕೆಳಗೆ ಸಹಿ ಹಾಕಿದರು. ಓದಲಿಲ್ಲ. ಹೊನ್ನಕ್ಕ ಬರೆದದ್ದನ್ನು ಮತ್ತೆ ಓದುವುದೆಂದರೆ ತೊಳೆದ ತಟ್ಟೆಯನ್ನು ಮತ್ತೆ ತೊಳೆದಂತೆ ಎಂದು ಅವರ ನಂಬಿಕೆ.

ಹಲಗೆ ಇತ್ತು, ಹೊನ್ನಕ್ಕ ಇದ್ದಳು. ಕುದುರೆ ಇರಲಿಲ್ಲ. ಕುದುರೆ ಇದ್ದದ್ದು ಜಟಕಾ ಬುಡನ್ ಸಾಬರ ಹತ್ತಿರ. ಅವರು ಸಿರಾದಿಂದ ವಾರಕ್ಕೆರಡು ಸಲ ಮದಲೂರಿಗೆ ಬರುತ್ತಿದ್ದರು. ಕುದುರೆಯ ಹೆಸರು ಶಹಜಾದಿ.

“ಅರೆ ಬೇಟಿ, ಹಲಗೆ ಎಳೆಯೋಕಾ?” ಸಾಬರು ಎದೆಯ ಮೇಲೆ ಕೈಯಿಟ್ಟುಕೊಂಡರು. “ನನ್ನ ಶಹಜಾದಿ ಯಾರು ಗೊತ್ತಾ? ಹಿಂದೆ ಸಿರಾ ಕೋಟೇಲಿ ಸುಬೇದಾರರ ಲಾಯ ಇತ್ತಲ್ಲ, ಆ ವಂಶ!”

“ಅದಕ್ಕೇ ಸಾಬಣ್ಣ ನಿಮ್ಮತ್ರ ಬಂದಿದ್ದು. ಇದು ಗೇಯ್ಮೆ ಅಲ್ಲ, ರೇಸು! ಇಂಥ ರೇಸ್ನ ಪೇಪರ್ನಾಗೆ ಹಾಕ್ತಾರೆ, ನಾನೇ ನೋಡೀವ್ನಿ.”

“ಪೇಪರ್‌ನಲ್ಲಾ? ಶಹಜಾದಿ ಫೋಟೋ?”

“ಅವ್ಳು ಮುಂದೆ, ನಾನು ಹಿಂದೆ. ಅವ್ಳದೇ ದೊಡ್ಡದಾಗಿ ಬರ್ತದೆ.”

ಸಾಬರು ಕುದುರೆಯ ಕಡೆ ನೋಡಿದರು. ಕುದುರೆ ಹುಲ್ಲು ಅಗಿಯುತ್ತಾ ಸಾಬರ ಕಡೆ ನೋಡಿತು. ಮಾತು ಮುಗಿಯಿತು.

ಮರುದಿನದಿಂದ ಪ್ರಾಕ್ಟೀಸು. ಜಟಕಾ ಬಿಚ್ಚಿ, ಶಹಜಾದಿಯ ಕೊರಳಪಟ್ಟಿಗೆ ಎರಡು ಹಗ್ಗ ಬಿಗಿದು ಹಲಗೆಗೆ ಕಟ್ಟಿದರು. ಎಮ್ಮೆ ಸವಾರಿಯಲ್ಲಿ ಪಳಗಿದ್ದ ಕದರಪ್ಪ ಕುದುರೆಯ ಬೆನ್ನೇರಿದ. ಹೊನ್ನಕ್ಕ ಹಲಗೆ ಹತ್ತಿದಳು.

“ಸ್ಟಾರ್ಟ್!”

ಶಹಜಾದಿ ಹತ್ತು ಹೆಜ್ಜೆ ಓಡಿದಳು. ಗಕ್ಕನೆ ನಿಂತಳು. ಕತ್ತು ತಿರುಗಿಸಿ ಹಿಂದೆ ನೋಡಿದಳು.

ಇನ್ನೊಂದು ಸಲ. ಹತ್ತು ಹೆಜ್ಜೆ, ಗಕ್, ಹಿಂದಕ್ಕೆ ನೋಟ.

“ವಂಶ ದೊಡ್ಡದು, ಓಟ ಚಿಕ್ಕದು,” ಎಂದ ಕದರಪ್ಪ.

ಹೊನ್ನಕ್ಕ ಕುದುರೆಯ ಕಣ್ಣನ್ನೇ ನೋಡುತ್ತಿದ್ದಳು. “ಲೇ ಕದ್ರ, ಅವ್ಳು ಸುಮ್ನೆ ನಿಲ್ತಿಲ್ಲ ಕಣ್ಲಾ. ಏನೋ ಹುಡುಕ್ತಾವ್ಳೆ. ಸಾಬಣ್ಣ, ಅವ್ಳ ಹಿಂದೆ ಯಾವಾಗ್ಲೂ ಏನಿರ್ತದೆ?”

“ಇನ್ನೇನಿರುತ್ತೆ, ಗಾಡಿ!” ಎಂದ ಸಾಬರು ಹಣೆ ಚಚ್ಚಿಕೊಂಡರು. “ಯಾ ಅಲ್ಲಾ! ಹತ್ತು ವರ್ಷದಿಂದ ಹಿಂದೆ ಗಡಗಡ ಗಡಗಡ. ಈಗ ಸದ್ದಿಲ್ಲ. ಗಾಡಿ ಬಿದ್ದೋಯ್ತು, ಬುಡನ್ ದಾರೀಲಿ ಉಳ್ಕೊಂಡ ಅಂತ ಪಾಪ, ನನಗೋಸ್ಕರ ನಿಲ್ತಾ ಇದಾಳೆ!”

ಹೊನ್ನಕ್ಕ ಮನೆಗೆ ಓಡಿದಳು. ಸೀಮೆಎಣ್ಣೆ ಡಬ್ಬ ತಂದಳು. ಒಳಗೆ ಒಂದು ಹಿಡಿ ಬೆಣಚುಕಲ್ಲು ಹಾಕಿ ಹಲಗೆಯ ಹಿಂದೆ ಕಟ್ಟಿದಳು.

ಗಡಗಡ ಗಡಗಡ!

ಶಹಜಾದಿ ಕಿವಿ ನಿಮಿರಿಸಿದಳು. ‘ಸದ್ಯ, ಬುಡನ್ ಬಂದ’ ಎಂಬಂತೆ ಒಂದು ಸಲ ಕೆನೆದಳು. ಆಮೇಲೆ ಓಡಿದಳು ನೋಡಿ! ಹಲಗೆಯ ಎರಡೂ ಕಡೆ ಕೆಸರು ರೆಕ್ಕೆಯಂತೆ ಎದ್ದಿತು. ಹೊನ್ನಕ್ಕ ಮೂರು ಸಲ ಬಿದ್ದಳು. ಕುದುರೆ ಎತ್ತಲ್ಲ, ಸೆಳೆತ ಬೇರೆ. ಮರುದಿನ ಒಂದೇ ಸಲ ಬಿದ್ದಳು. ಮೂರನೇ ದಿನ ಬೀಳಲೇ ಇಲ್ಲ.

ಬದುವಿನ ಮೇಲೆ ನಿಂತಿದ್ದ ತಿಪ್ಪಯ್ಯ ನಕ್ಕ. “ಗದ್ದೆಗಿಂತ ಜಾಸ್ತಿ ಕೆಸರು ನಿನ್ನ ಮುಖದ್ಮೇಲದೆ ಮಗಳೇ. ಅಲ್ಲೇ ಪೈರು ನೆಡಾನಾ?”

ಹೊನ್ನಕ್ಕ ನಗಲಿಲ್ಲ. ಸೀದಾ ಕಾಲುವೆಗೆ ಇಳಿದು ತಿಕ್ಕತೊಡಗಿದಳು.

ಹದಿನೈದು ದಿನಕ್ಕೆ ಆಟಗಳ ಪಟ್ಟಿ ಬಂತು. ಕೊನೆಯ ಸಾಲಿನಲ್ಲಿ ಇತ್ತು: ‘ಕುದುರೆ ಹಲಗೆ ಓಟ. ಮದಲೂರು, ಹುಲಿಕುಂಟೆ.’ ಪೂರ್ತಿ ಆದೇಶವನ್ನು ಪಂದ್ಯಾಟದ ದಿನ ಹೋಬಳಿ ಅಧಿಕಾರಿ ಶೇಕ್‌ದಾರರು ತರುತ್ತಾರೆ ಎಂದಷ್ಟೇ ಕೆಳಗೆ ಬರೆದಿತ್ತು.

ಆ ದಿನ ತಿಪ್ಪಯ್ಯನ ಗದ್ದೆಯ ಸುತ್ತ ಜಾಗವೇ ಇಲ್ಲ. ಬದುವಿನ ಮೇಲೆ ಐದು ಶಾಲೆಯ ಮಕ್ಕಳು. ಶಹಜಾದಿಯ ಹಣೆಗೆ ಚೆಂಡುಹೂವು. ಬುಡನ್ ಸಾಬರ ತಲೆಗೆ ಹಬ್ಬದ ರುಮಾಲು. ಆ ಕಡೆಯಿಂದ ಹುಲಿಕುಂಟೆ ಪಟೇಲರ ಕಂದು ಕುದುರೆ ಬಂತು. ಹಿಂದೆ ಹಲಗೆ ಹೊತ್ತ ಆಳು, ಅವನ ಹಿಂದೆ ಬೊಮ್ಮಪ್ಪ.

“ಏನೇ ಕೆಸರುಗಪ್ಪೆ, ಇವತ್ತು ಓಡ್ತೀಯೋ ಬೀಳ್ತೀಯೋ?”

“ಕಪ್ಪೆ ಬೀಳಲ್ಲ ಕಣ್ಲಾ, ನೆಗೀತದೆ. ನೀನು ಹುಷಾರು.”

ಬೊಮ್ಮಪ್ಪ ಯಾಕೋ ಕಿವಿ ಉಜ್ಜಿಕೊಳ್ಳುತ್ತಾ ತನ್ನ ಹಲಗೆಯತ್ತ ಹೋದ. ಹೊನ್ನಕ್ಕ ಹಲಗೆ ಹತ್ತಿ, ಮಂಡಿ ಬಗ್ಗಿಸಿ, ಹಗ್ಗ ಹಿಡಿದಳು. ಇಂದು ಸಂಜೆಯ ಹೊತ್ತಿಗೆ ಕಪ್ಪೆ ಸತ್ತುಹೋಗುತ್ತದೆ, ಹೊನ್ನಕ್ಕ ಉಳಿಯುತ್ತಾಳೆ. ಅಷ್ಟು ಖಾತ್ರಿ ಇತ್ತು ಅವಳಿಗೆ.

ಶೇಕ್‌ದಾರ ರೇಣುಕಯ್ಯನವರು ಕೊಡೆಯ ಕೆಳಗೆ ಕುರ್ಚಿಯಲ್ಲಿ ಕೂತಿದ್ದರು. ಒಳ್ಳೆಯ ಮನುಷ್ಯ. ಆದರೆ ಕಾಗದ ಓದದೆ ನೀರನ್ನೂ ಕುಡಿಯುವವರಲ್ಲ. ಎದ್ದು ನಿಂತು ಗಂಟಲು ಸರಿಮಾಡಿಕೊಂಡು ಓದಿದರು:

“ಮದಲೂರು ಶಾಲೆಯ ಅರ್ಜಿಯ ಮೇರೆಗೆ, ಕುದುರೆ ಹಲಗೆ ಓಟವನ್ನು, ಸದರಿ ಅರ್ಜಿಯಲ್ಲಿ ಕಾಣಿಸಿರುವಂತೆ, ಶುಭ್ರವಾದ ಹಿಮದ ಮೇಲೆ ನಡೆಸತಕ್ಕದ್ದೆಂದು ಮಂಜೂರು ಮಾಡಲಾಗಿದೆ.”

ಓದಿ ನಿಲ್ಲಿಸಿದರು. ಕಾಗದ ನೋಡಿದರು. ಗದ್ದೆ ನೋಡಿದರು.

“ಹಿಮ ಎಲ್ಲಿ?”

ಎಲ್ಲರೂ ಗದ್ದೆಯತ್ತ ಕತ್ತು ಚಾಚಿದರು. ಹೊನ್ನಕ್ಕ ಮಾತ್ರ ಹಗ್ಗವನ್ನು ಇನ್ನೂ ಬಿಗಿಯಾಗಿ ಹಿಡಿದಳು.

“ಮೇಷ್ಟ್ರೇ, ಹಿಮ ಎಲ್ಲಿ ಅಂದೆ.”

ಮೇಷ್ಟ್ರು ಕೋಟಿನ ಜೇಬಿನಿಂದ ಕರಡು ತೆಗೆದರು. ಬಿಡಿಸಿ ಓದಿದರು. ಹೊನ್ನಕ್ಕನ ಕಡೆ ಒಂದು ಸಲ ನೋಡಿದರು. ಕರಡನ್ನು ಮೆಲ್ಲಗೆ ಮಡಿಸಿ ಮತ್ತೆ ಜೇಬಿಗಿಟ್ಟರು.

“ಸಹಿ ನಿಮ್ಮದೇ ತಾನೆ?”

“ನನ್ನದೇ ಸ್ವಾಮಿ.”

“ಮದಲೂರಲ್ಲಿ ಹಿಮ ಬೀಳುತ್ತೆ ಅಂತ ಸರ್ಕಾರಕ್ಕೆ ಬರೆದುಕೊಟ್ಟಿದ್ದೀರಲ್ಲರೀ!”

ಮೊದಲು ಒಬ್ಬ ಕಿಸಕ್ಕೆಂದ. ಆಮೇಲೆ ಐದು ಶಾಲೆಯೂ ಒಟ್ಟಿಗೆ ನಕ್ಕಿತು. ಮೇಷ್ಟ್ರ ಕಿವಿ ಕೆಂಪಗಾಯಿತು. ಅವರು ತಮ್ಮ ಕಾಲನ್ನೇ ನೋಡುತ್ತಾ ನಿಂತರು.

ಆ ನಗು ಹೊನ್ನಕ್ಕನಿಗೆ ಗೊತ್ತು. ಹೋದ ವರ್ಷ ಕೇಳಿದ್ದಳು. ತಾನೂ ಹೀಗೇ ಕಾಲು ನೋಡುತ್ತಾ ನಿಂತಿದ್ದಳು.

ಅವಳು ಹಲಗೆಯಿಂದ ಇಳಿದಳು. ಊಟಕ್ಕೆ ಯಾರೂ ಕರೆದಿರಲಿಲ್ಲ.

“ಅದು ಮೇಷ್ಟ್ರು ಬರ್ದಿದ್ದಲ್ಲ ಸ್ವಾಮಿ, ನಾನು. ಅವ್ರು ಕೆಸರು ಅಂತ್ಲೇ ಬರ್ದಿದ್ರು. ನಂಗೆ ನಾಚ್ಕೆ ಆಯ್ತು. ಎತ್ತಿ ಬರೆಯೋವಾಗ ಬದಲಾಯಿಸ್ಬುಟ್ಟೆ.”

ನಗು ಅರ್ಧಕ್ಕೆ ನಿಂತಿತು.

“ಹುಡುಗಿ ನಿಜ ಹೇಳ್ತು ಸಾಹೇಬ್ರೇ, ಈಗ ಕೆಸರು ಅಂತ ತಿದ್ದಿಬಿಡಿ,” ಎಂದರು ಬುಡನ್ ಸಾಬರು.

“ಮಂಜೂರಾದ ಕಾಗದ ತಿದ್ದೋ ಅಧಿಕಾರ ನನಗಿಲ್ಲ ಸಾಬ್ರೇ.”

“ಹತ್ತಿ ಹಾಸಿದ್ರೆ?” ಕದರಪ್ಪ ಕುದುರೆ ಮೇಲಿಂದಲೇ ಕೇಳಿದ.

“ಹತ್ತಿ ಹಿಮ ಆಗಲ್ಲ ಮಗು. ನಾಳೆ ಒಬ್ಬ ಬಿದ್ದು ಕೈ ಮುರ್ಕೊಂಡ ಅಂತಿಟ್ಕೋ. ಹಿಮದಲ್ಲಿ ಬಿದ್ನೋ, ಹತ್ತೀಲಿ ಬಿದ್ನೋ ಅಂತ ಕೇಳೋದು ನನ್ನ!”

ಅವರು ಕಾಗದದ ಅಂಚಿನಲ್ಲಿ ಬರೆದರು. ಬರೆದದ್ದನ್ನು ಓದಿಯೂ ಹೇಳಿದರು: “ಹಿಮದ ಅಭಾವದಿಂದ ಮುಂದೂಡಲಾಗಿದೆ.”

“ಎಲ್ಲೀ ತನಕ ಸ್ವಾಮಿ?” ತಿಪ್ಪಯ್ಯ ಕೇಳಿದ.

“ಹಿಮ ಬೀಳೋ ತನಕ.”

“ಎಪ್ಪತ್ತು ವರ್ಷ ಆಯ್ತು ನಂಗೆ,” ಎಂದಿತು ಜಯಕ್ಕಜ್ಜಿ. “ಈ ಸೀಮೇಲಿ ಮಳೆ ಬೀಳೋದೇ ಮನಸ್ಸು ಬಂದಾಗ!”

ಸಾಬರು ಶಹಜಾದಿಯ ಹಣೆಯ ಹೂವು ಬಿಚ್ಚಿದರು. ಗುಂಪು ಗೋಣಿಚೀಲದ ಓಟದ ಕಡೆ ಹೊರಟಿತು. ಹೊನ್ನಕ್ಕ ಬದುವಿನ ಮೇಲೆ ಕೂತು ಕಾಲನ್ನು ಗದ್ದೆಗೆ ಇಳಿಬಿಟ್ಟಳು.

ಪಕ್ಕದಲ್ಲಿ ಯಾರೋ ಬಂದು ಕೂತರು. ಬೊಮ್ಮಪ್ಪ.

“ನಗೋಕೆ ಬಂದ್ಯೇನೋ?”

“ಇಲ್ಲ ಕಣೆ. ಕೆಸರು ಅಂತ ಬರೆಯೋಕೆ ನಾಚ್ಕೆ ಆಗಿದ್ದು ನಾನಂದಿದ್ದಕ್ಕಾ?”

“ಹೂಂ.”

ಬೊಮ್ಮಪ್ಪ ಸುತ್ತ ಒಮ್ಮೆ ನೋಡಿದ. ಆಮೇಲೆ ಪಿಸುಗುಟ್ಟಿದ. “ಪ್ರಾಕ್ಟೀಸ್ನಾಗೆ ಹದಿನಾಕು ಸಲ ಬಿದ್ದೆ ಕಣೆ. ಹಲಗೆ ಮ್ಯಾಲೆ ಹತ್ತು ಮಾರೂ ನಿಂತಿಲ್ಲ. ಕಿವಿಯೊಳ್ಗಿರೋ ಕೆಸರು ಇನ್ನೂ ಬಂದಿಲ್ಲ, ನೋಡು ಬೇಕಾದ್ರೆ.” ಕಿವಿ ತಿರುಗಿಸಿ ತೋರಿಸಿದ. “ನೀನು ಅದ್ಹೆಂಗೆ ನಿಂತ್ಕೋತೀಯಾ?”

ಹೊನ್ನಕ್ಕ ಕಿವಿಯೊಳಗೆ ಇಣುಕಿದಳು. ಇತ್ತು. ಅವಳಿಗೆ ನಗು ಬಂತು.

“ಹಗ್ಗ ನೋಡ್ತೀಯಾ?”

“ಹೂಂ.”

“ಅದಕ್ಕೇ ಬೀಳೋದು. ಕುದ್ರೆ ಕಿವಿ ನೋಡು. ಅವು ಎತ್ತ ತಿರುಗ್ತವೋ ಅತ್ತ ಮೈ ಬಗ್ಗಿಸು. ಮಂಡಿ ಸಡಿಲ ಬುಡು, ಕೆಸರಿಗೆ ಹೆದರ್ಕೋಬ್ಯಾಡ. ಅದೇ ನಿನ್ನ ಹಿಡ್ಕೊಳ್ಳೋದು.”

ಹೇಳಿ ಮುಗಿಸಿದ ಮೇಲೆ ಹೊನ್ನಕ್ಕ ತನ್ನ ಮಾತನ್ನೇ ಇನ್ನೊಂದು ಸಲ ಕೇಳಿಸಿಕೊಂಡವಳಂತೆ ತನ್ನ ಕೆಸರುಗಾಲು ನೋಡಿಕೊಂಡಳು. ಆಮೇಲೆ ಎದ್ದು ಮೇಷ್ಟ್ರ ಹತ್ತಿರ ಹೋದಳು.

“ಮೇಷ್ಟ್ರೇ, ಬರೋ ವರ್ಷಕ್ಕೆ ಈಗ್ಲೇ ಅರ್ಜಿ ಕೊಡಬೌದಾ?”

ಮೇಷ್ಟ್ರು ಬಯ್ಯಲಿಲ್ಲ. ಕಾಗದ, ಮಸಿಕುಡಿಕೆ, ಲೇಖನಿ ಕೊಟ್ಟರು. ಜೇಬಿನ ಕರಡನ್ನೂ ಕೊಟ್ಟರು. ಬದುವಿನ ಮೇಲೇ ಕೂತು, ಹಲಗೆಯ ತುದಿಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಬರೆದಳು. ಬೊಮ್ಮಪ್ಪ ಮಸಿಕುಡಿಕೆ ಹಿಡಿದಿದ್ದ. ಆ ಸಾಲು ಬಂದಾಗ ಲೇಖನಿ ನಿಲ್ಲಲಿಲ್ಲ. ‘ಕೆಸರು’ ಉಳಿದ ಮಾತುಗಳಿಗಿಂತ ಸ್ವಲ್ಪ ದೊಡ್ಡದಾಗಿಯೇ ಬಿತ್ತು. ಜೊತೆಗೆ ಅವಳ ಮುಂಗೈಯಿಂದ ಒಂದು ಹನಿ ನಿಜವಾದ ಕೆಸರೂ ಕಾಗದದ ಮೂಲೆಗೆ ಬಿತ್ತು.

ಈ ಸಲ ಮೇಷ್ಟ್ರು ಪ್ರತಿ ಅಕ್ಷರ ಓದಿ ಸಹಿ ಹಾಕಿದರು.

ರೇಣುಕಯ್ಯನವರು ಕಾಗದವನ್ನು ಎರಡು ಸಲ ಓದಿ ಹುಬ್ಬು ಗಂಟಿಕ್ಕಿದರು. “ಮಾತೆಲ್ಲ ಸರಿಯಿದೆ. ಇಲ್ಲಿ ಮೂಲೆಯಲ್ಲಿ ಇದೇನಮ್ಮ ಕೊಳೆ?”

“ಕೊಳೆ ಅಲ್ಲ ಸ್ವಾಮಿ,” ಎಂದಳು ಹೊನ್ನಕ್ಕ. “ಹಿಮ ಅಂತ ಬರದ್ರೆ ಹಿಮ ತೋರ್ಸು ಅಂದ್ರಲ್ಲ. ಅದಕ್ಕೇ ಈ ಸಲ ಅರ್ಜಿ ಜೊತೇಲೇ ತೋರ್ಸಿವ್ನಿ.”

ಶೇಕ್‌ದಾರರು ಅವಳನ್ನು ನೋಡಿದರು, ಮೂಲೆಯನ್ನು ನೋಡಿದರು. ಲೇಖನಿ ತೆಗೆದು ಆ ಹನಿಯ ಸುತ್ತ ಒಂದು ಸುತ್ತು ಹಾಕಿ, ಪಕ್ಕದಲ್ಲಿ ಬರೆದರು: ‘ನೋಡಿದೆ.’

ಸಂಜೆ ಹೊನ್ನಕ್ಕ ಹಲಗೆಯನ್ನು ಹೆಗಲ ಮೇಲಿಟ್ಟುಕೊಂಡು ಮನೆಯ ದಾರಿ ಹಿಡಿದಳು. ಡಬ್ಬ ಬಡಿಯುತ್ತಾ ಕದರಪ್ಪ ಮುಂದೆ ಹೋಗುತ್ತಿದ್ದ. ಕಾಲುವೆಯ ಹತ್ತಿರ ಬಂದಾಗ ಅವನು ಅಭ್ಯಾಸದಂತೆ ನಿಂತ.

“ಯಾಕ್ಲಾ ನಿಂತೆ?” ಎಂದಳು ಹೊನ್ನಕ್ಕ.

ಮಂಡಿತನಕ ಕೆಸರಿನ ಕಾಲಲ್ಲಿ ಅವಳು ಕಾಲುವೆ ದಾಟಿ, ಬೀದಿಯ ನಟ್ಟನಡುವೆ ನಡೆದುಹೋದಳು.